ಮುಂಜಿಯ ಪಟದಲ್ಲಿ ಅಕ್ಕ

ನಿವೃತ್ತರಾದ ಗಂಡಸರು ಮೊದಲು ಕೈಹಾಕುವುದು ಅಡುಗೆಮನೆಯ ಡಬ್ಬಿಗಳಿಗೆ. ನಾನೂ ಅದಕ್ಕೆ ಹೊರತಲ್ಲ. ಮೂವತ್ತೈದು ವರ್ಷ ಮುಂಬಯಿಯ ಮುಲುಂಡಿನಿಂದ ಲೋಕಲ್‌ನಲ್ಲಿ ಆಫೀಸಿಗೆ ಹೋಗಿ, ಫೈಲುಗಳನ್ನು ಅವುಗಳ ಕಪಾಟಿನಲ್ಲೇ ಇಟ್ಟು ಬಂದವನಿಗೆ ಸಾಸಿವೆಯ ಪಕ್ಕದಲ್ಲಿ ಸಾಬೂದಾಣಿ ಇದ್ದದ್ದು ಸಹಿಸಲಾಗಲಿಲ್ಲ. ಎಲ್ಲವನ್ನೂ ಸರಿಮಾಡಿದೆ. ಎರಡು ವಾರ ತಡೆದುಕೊಂಡ ಹೆಂಡತಿ ಒಂದು ಬೆಳಿಗ್ಗೆ, ಸಾಸಿವೆ ಹುಡುಕುವಷ್ಟರಲ್ಲಿ ಎಣ್ಣೆ ಸೀದು ಹೋದ ಬಾಣಲೆಯನ್ನು ನನ್ನ ಮುಂದೆ ತಂದಿಟ್ಟಳು. "ನೀವು ಎಲ್ಲ್ಯರ ಒಂದು ಕ್ಲಾಸಿಗೆ ಹೋಗ್ರಿ. ಮನಿ ನಾ ನೋಡ್ಕೋತೀನಿ" ಎಂದಳು.

ಮಾಟುಂಗದ ಒಂದು ಕನ್ನಡ ಸಂಘದ ನೋಟಿಸ್ ಬೋರ್ಡಿನಲ್ಲಿ, ಶನಿವಾರ ಮಧ್ಯಾಹ್ನ ಕಂಪ್ಯೂಟರಿನಲ್ಲಿ ಫೋಟೋ ಜೋಡಿಸುವುದನ್ನು ಕಲಿಸುತ್ತಾರೆ ಎಂಬ ಚೀಟಿ ಇತ್ತು. ಹಿರಿಯ ನಾಗರಿಕರಿಗೂ ಅವಕಾಶ ಎಂದು ಕೆಳಗೆ ಬರೆದಿದ್ದರು. ಹಿರಿಯ ನಾಗರಿಕ ಎಂಬ ಮಾತು ನನಗೆ ಹಿಡಿಸುವುದಿಲ್ಲ, ಆದರೂ ಹೆಸರು ಬರೆಸಿದೆ. ಅದಕ್ಕೆ ಬಾಣಲೆಯಲ್ಲದೆ ಇನ್ನೊಂದು ಕಾರಣವೂ ಇತ್ತು. ಆ ಕಾರಣ ನಮ್ಮ ಮನೆಯ ಹಾಲ್‌ನ ಗೋಡೆಯ ಮೇಲೆ ತೂಗುತ್ತಿತ್ತು.

ಅದು ನನ್ನ ಮುಂಜಿಯ ಪಟ. ಕಪ್ಪು ಬಿಳುಪು. ಆಗ ನಾವು ದಾದರಿನ ಒಂದು ಚಾಳಿನಲ್ಲಿ, ಅಂದರೆ ಒಂದೊಂದೇ ಖೋಲಿಯ ಮನೆಗಳ ವಠಾರದಲ್ಲಿ, ಇದ್ದೆವು. ಧಾರವಾಡದಿಂದ ಬಂದ ಅಪ್ಪ ಒಂದು ಮಿಲ್ಲಿನ ಆಫೀಸಿನಲ್ಲಿ ಗುಮಾಸ್ತ. ಫೋಟೋದವನು ಮೆಟ್ಟಿಲ ಬಳಿಯ ಅಗಲ ಜಾಗದಲ್ಲಿ ಕ್ಯಾಮೆರಾ ನಿಲ್ಲಿಸಿದ್ದ. ನಾವೆಲ್ಲ ನಮ್ಮ ಖೋಲಿಯ ಮುಂದಿನ ಉದ್ದನೆಯ ಗ್ಯಾಲರಿಯಲ್ಲಿ ಕೂತಿದ್ದೆವು. ನಟ್ಟನಡುವೆ ಎಂಟು ವರ್ಷದ ನಾನು, ಬೋಳು ತಲೆ, ಕೈಯಲ್ಲಿ ದಂಡ. ಬಲಗಡೆ ಕುರ್ಚಿಯಲ್ಲಿ ಅಪ್ಪ, ಎಡಗಡೆ ಕುರ್ಚಿಯಲ್ಲಿ ಅವ್ವ, ಹಿಂದೆ ಅಜ್ಜಿ ಮತ್ತು ಕಾಕಾ. ಎಡ ಅಂಚಿನಲ್ಲಿ ಪಕ್ಕದ ಖೋಲಿಯ ಕಿಟಕಿ, ಅದರ ಕಬ್ಬಿಣದ ಸರಳುಗಳು. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ, ಅವ್ವನನ್ನು ಬಿಟ್ಟು. ಅವಳ ಕಣ್ಣು ಎಡಕ್ಕೆ ಸರಿದಿತ್ತು. "ಒಂದು ಫೋಟೋ ತೆಗಿಯೂ ಹೊತ್ತು ನೆಟ್ಟಗ ಕೂಡಲಿಲ್ಲ ನಿಮ್ಮವ್ವ" ಎಂದು ಅಪ್ಪ ಕಡೆಯವರೆಗೂ ಗೊಣಗುತ್ತಿದ್ದರು. ಒಲೆಯ ಮೇಲಿನ ಹಾಲು ನೆನಪಾಗಿರಬೇಕು ಎಂದು ನಾನು ಅವ್ವನ ಪರವಾಗಿ ಹೇಳುತ್ತಿದ್ದೆ.

ಆ ಪಟದಲ್ಲಿ ಅಕ್ಕ ಇಲ್ಲ. ನನಗಿಂತ ಐದು ವರ್ಷ ದೊಡ್ಡವಳು, ನನಗಿರುವ ಒಬ್ಬಳೇ ಅಕ್ಕ. ಮುಂಜಿಯ ದಿನ ಅವಳು ದೂರ ಕೂತಿದ್ದಳು.

ದೂರ ಕೂಡುವುದೆಂದರೆ, ತಿಂಗಳ ಆ ಮೂರು ದಿನ ಯಾರನ್ನೂ ಯಾವುದನ್ನೂ ಮುಟ್ಟದೆ ಬೇರೆ ಇರುವುದು. ಊರಿನ ಮನೆಗಳಲ್ಲಿ ಅದಕ್ಕೊಂದು ಮೂಲೆಯೋ ಹಿತ್ತಲೋ ಇರುತ್ತಿತ್ತು. ಹತ್ತಡಿಯ ಖೋಲಿಯಲ್ಲಿ ಐದಾರು ಜನ ಮಲಗುವ ಕಡೆ ದೂರವನ್ನು ಎಲ್ಲಿಂದ ತರುವುದು? ನಮ್ಮ ಅಜ್ಜಿ ದಾರಿ ಕಂಡುಕೊಂಡಿದ್ದಳು. ಪಕ್ಕದ ಖೋಲಿಯಲ್ಲಿ ಮಿಲ್ಲಿಗೆ ಹೋಗುವ ಒಬ್ಬ ಮರಾಠಿ ಹೆಂಗಸಿದ್ದಳು. ನಾವು ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಅವಳಿಗೆ ಇಂಥದ್ದರಲ್ಲಿ ಕಾಸಿನ ನಂಬಿಕೆ ಇರಲಿಲ್ಲ, ಹಾಗಾಗಿ ಯಾರು ಬಂದು ಕೂತರೂ ಅಡ್ಡಿಯಿರಲಿಲ್ಲ. ಪ್ರತಿ ತಿಂಗಳು ಅವ್ವ ಅಥವಾ ಅಕ್ಕ ಒಂದು ಚಾಪೆ ಹಿಡಿದು ಅಲ್ಲಿಗೆ ಹೋಗುತ್ತಿದ್ದರು. ಮಾವಶಿ ಮಡಿಯನ್ನು ನಂಬದೇ ಇದ್ದದ್ದರಿಂದಲೇ ನಮ್ಮ ಮನೆಯ ಮಡಿ ನಡೆಯಿತು. ಇದು ಅಜ್ಜಿಗೆ ತಮಾಷೆ ಎನಿಸಿರಲಿಲ್ಲ.

ಮುಂಜಿಯ ಮುಹೂರ್ತ ಗೊತ್ತಾಗಿ ಹೋಗಿತ್ತು, ಊರಿನಿಂದ ಭಟ್ಟರು ಬಂದಾಗಿತ್ತು. ಹದಿಮೂರು ವರ್ಷದ ಹುಡುಗಿಗಾಗಿ ಯಾರೂ ಮುಹೂರ್ತ ಮುಂದೆ ಹಾಕುವುದಿಲ್ಲ. ಆಗಿನ ದಿನಗಳಲ್ಲಿ ಫೋಟೋ ಎಂದರೆ ಅಂಥ ಸಮಾರಂಭಕ್ಕೆ ಮಾತ್ರ. ಎರಡು ವರ್ಷಕ್ಕೆ ಅವ್ವ ಕಾಮಾಲೆಯಾಗಿ ತೀರಿಕೊಂಡಳು. ಆಮೇಲೆ ಲೆಕ್ಕ ಹಾಕಿದರೆ, ಅವ್ವನ ಜೊತೆ ಅಕ್ಕ ಇರುವ ಫೋಟೋ ಒಂದೂ ಇರಲಿಲ್ಲ.

ಅಕ್ಕನ ಮನೆ ಬೊರಿವಲಿಯಲ್ಲಿ. ಮುಲುಂಡಿಗೆ ಬಂದಾಗಲೆಲ್ಲ ಅವಳು ಚಹಾದ ಕಪ್ಪು ಹಿಡಿದು ಆ ಪಟದ ಮುಂದೆ ನಿಲ್ಲುತ್ತಿದ್ದಳು. ಕಪ್ಪು ಖಾಲಿಯಾಗುವವರೆಗೆ ನಿಂತು, ಸೆರಗಿನಿಂದ ಗಾಜು ಒರೆಸಿ, ಬಂದು ಕೂತು ಬೇರೆ ಮಾತು ಎತ್ತುತ್ತಿದ್ದಳು. ಅವಳು ಹೋದ ಮೇಲೆ ನನ್ನ ಹೆಂಡತಿ, "ಅಕ್ಕಾವ್ರು ಹಂಗ ನಿಂತಿದ್ದು ನೋಡಿದ್ರ ಕೆಟ್ಟನಿಸ್ತದ" ಎನ್ನುತ್ತಿದ್ದಳು. ನನಗೂ ಅನಿಸುತ್ತಿತ್ತು. ನಾನು ಪಟದ ನಡುವೆ ಕೂತವನು. ಸುಮ್ಮನೆ ಕೂತದ್ದಷ್ಟೆ, ಆದರೂ ಆ ಜಾಗ ನನ್ನದೇ. ಅಕ್ಕನನ್ನು ಆ ಪಟದೊಳಗೆ ತರಬೇಕು, ಅವ್ವನ ಪಕ್ಕದಲ್ಲಿ ನಿಲ್ಲಿಸಬೇಕು ಎಂದುಕೊಂಡೇ ಶನಿವಾರದ ಲೋಕಲ್ ಹತ್ತಿದೆ.

ಕಲಿಸುವವರು ಉಡುಪಿ ಕಡೆಯವರು. ಇಪ್ಪತ್ತೈದು ವರ್ಷ ಮದುವೆಯ ಆಲ್ಬಮ್ ಮಾಡಿದವರು. ಎಷ್ಟೋ ಮದುವೆಗಳಲ್ಲಿ, ಬರಲಾಗದ ಸೋದರಮಾವನನ್ನು ಪಂಕ್ತಿಯಲ್ಲಿ ಕೂರಿಸಿದ್ದಾಗಿ ಹೇಳಿದರು. ನಾವು ಆರು ಜನ ವಿದ್ಯಾರ್ಥಿಗಳು. ನನಗೇ ವಯಸ್ಸು ಹೆಚ್ಚು. ಮೊದಲ ದಿನ ನಾನು ಹುಮ್ಮಸ್ಸಿನಲ್ಲಿ ನನ್ನದೇ ಮುಖ ಕತ್ತರಿಸಿ ಹಿಮದ ಬೆಟ್ಟದ ಮುಂದೆ ಅಂಟಿಸಿದೆ. ಅವರು ಬಗ್ಗಿ ನೋಡಿ, "ಇಷ್ಟು ಹಿಮದಲ್ಲಿ ನೀವು ಬೆವರ್ತಾ ಇದ್ದೀರಲ್ಲ ಮಾರಾಯ್ರೆ" ಎಂದರು. ಆ ಫೋಟೋ ಮೇ ತಿಂಗಳಲ್ಲಿ ಮುಲುಂಡ್ ಸ್ಟೇಷನ್ ಹೊರಗೆ ತೆಗೆದದ್ದು.

ಮುಖ ಯಾರು ಬೇಕಾದರೂ ಅಂಟಿಸಬಹುದು, ಬೆಳಕು ಕೂಡಬೇಕು, ಎಂಬುದು ಅವರ ಪಾಠದ ಸಾರ. ಯಾವ ಕಡೆಯಿಂದ ಬೆಳಕು ಬಂದಿದೆ, ನೆರಳು ಎಲ್ಲಿ ಬಿದ್ದಿದೆ, ಕ್ಯಾಮೆರಾ ಯಾರ ಎತ್ತರದಲ್ಲಿತ್ತು, ಹಳೆಯ ಫೋಟೋ ಆದರೆ ಅದರ ಕಾಳುಕಾಳಾದ ಮಸುಕು ಹೊಸ ತುಂಡಿಗೂ ಬಂದಿದೆಯೇ. ಇವೆಲ್ಲ ಸರಿಯಾದರೆ ನೋಡುವವರು ಪ್ರಶ್ನೆ ಕೇಳುವುದಿಲ್ಲ. ಇನ್ನೊಂದು ಪಾಠ ಲೇಯರಿನದು. ಮೂಲ ಫೋಟೋದ ಮೇಲೆ ಪಾರದರ್ಶಕ ಹಾಳೆ ಹಾಸಿದಂತೆ ಒಂದೊಂದೇ ಲೇಯರ್ ಹಾಕಿ, ತಿದ್ದುವುದನ್ನೆಲ್ಲ ಆ ಹಾಳೆಗಳ ಮೇಲೆ ತಿದ್ದಬೇಕು. ಪ್ರತಿ ಲೇಯರಿನ ಪಕ್ಕ ಒಂದು ಪುಟ್ಟ ಕಣ್ಣಿನ ಚಿತ್ರ ಇರುತ್ತದೆ. ಅದನ್ನು ಒತ್ತಿದರೆ ಆ ಹಾಳೆ ಕಾಣದಾಗುತ್ತದೆ, ಮತ್ತೆ ಒತ್ತಿದರೆ ಬರುತ್ತದೆ. "ಅಡಿಯಲ್ಲಿರುದು ಮಡಿಯಲ್ಲುಂಟು ಅಂತ ತಿಳ್ಕೊಳ್ಳಿ. ಅದನ್ನು ಮುಟ್ಲಿಕ್ಕಿಲ್ಲ" ಎಂದರು. ಎಲ್ಲರೂ ನಕ್ಕರು. ನನಗೆ ಚಾಪೆ ಹಿಡಿದುಕೊಂಡು ಪಕ್ಕದ ಖೋಲಿಗೆ ಹೋಗುವ ಅಕ್ಕ ಕಣ್ಣಮುಂದೆ ಬಂದಳು.

ಮಳೆಗಾಲ ಪೂರ್ತಿ ಕಲಿಯುವುದರಲ್ಲಿ ಹೋಯಿತು. ಮಗನ ಹಳೆಯ ಕಂಪ್ಯೂಟರ್ ಹಾಲ್‌ನಲ್ಲಿ ಇಟ್ಟುಕೊಂಡು ಬೆಳಿಗ್ಗೆ ತಿಂಡಿ ಆದ ಮೇಲೆ ಕೂತರೆ ಊಟಕ್ಕೆ ಏಳುತ್ತಿದ್ದೆ. ಡಬ್ಬಿಗಳು ಮೊದಲಿದ್ದಂತೆ ಆದವು.

ಅಕ್ಕನ ಆ ವಯಸ್ಸಿನ ಫೋಟೋ ಎಂದರೆ ಶಾಲೆಯ ಗ್ರೂಪ್ ಫೋಟೋ ಒಂದೇ. ಅದು ಅಪ್ಪನ ಟ್ರಂಕಿನಲ್ಲಿತ್ತು. ಎರಡು ಜಡೆ, ಬಿಳಿಯ ಪೋಲಕ, ಎದುರಿನ ಸಾಲಿನ ಹುಡುಗಿಯರ ತಲೆಗಳಿಂದಾಗಿ ಸೊಂಟದ ಮೇಲಷ್ಟೇ ಕಾಣುತ್ತಾಳೆ. ಅದೇ ಅನುಕೂಲವಾಯಿತು. ಅವ್ವನ ಕುರ್ಚಿಯ ಹಿಂದೆ ನಿಲ್ಲಿಸಿದರೆ ಕಾಲು ಬೇಕಿರಲಿಲ್ಲ. ಆದರೆ ಶಾಲೆಯ ಫೋಟೋದಲ್ಲಿ ಬಿಸಿಲು ಎಡಗಡೆಯಿಂದ, ನಮ್ಮ ಗ್ಯಾಲರಿಯಲ್ಲಿ ಬೆಳಕು ಹೊರಗಿನ ಕಟಾಂಜನದ ಕಡೆಯಿಂದ, ಅಂದರೆ ಬಲದಿಂದ. ಅಕ್ಕನನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದೆ. ಬೆಳಕು ಸರಿಹೋಯಿತು, ಎಡ ಗಲ್ಲದ ಮಚ್ಚೆ ಬಲಕ್ಕೆ ಹೋಯಿತು. ಅದನ್ನು ಕಿತ್ತು ಮತ್ತೆ ಎಡಕ್ಕೆ ಇಟ್ಟೆ. ಕೂದಲಿನ ಅಂಚು ಕತ್ತರಿಸುವುದಕ್ಕೇ ಒಂಬತ್ತು ದಿನ ಹಿಡಿಯಿತು. ಎಣ್ಣೆ ಹಚ್ಚಿ ಬಿಗಿದು ಬಾಚಿದ ತಲೆಯಲ್ಲೂ ಎಷ್ಟು ಬಿಡಿ ಕೂದಲು ಇರುತ್ತವೆ ಎಂಬುದು ನನಗೆ ಅರವತ್ತೊಂದನೆಯ ವಯಸ್ಸಿನಲ್ಲಿ ತಿಳಿಯಿತು.

ಹಾಗೆ ನಿಂತ ಅಕ್ಕ ಅವ್ವನ ಹಿಂದೆ ಇದ್ದಳೇ ಹೊರತು ಅವ್ವನ ಜೊತೆ ಇರಲಿಲ್ಲ. ಒಂದು ಕೈ ಅವ್ವನ ಭುಜದ ಮೇಲೆ ಇರಬೇಕು ಎನಿಸಿತು. ಹೆಂಡತಿಯನ್ನು ಕರೆದು, ಕುರ್ಚಿಯ ಬೆನ್ನಿನ ಮೇಲೆ ಕೈ ಇಡಿಸಿ, ಮೊಬೈಲಿನಲ್ಲಿ ತೆಗೆದೆ. "ಬಳಿ ತೆಗಿಯಂಗಿಲ್ಲ" ಎಂದಳು. ಬಳೆಯನ್ನು ಸಾಫ್ಟ್‌ವೇರಿನಲ್ಲಿ ತೆಗೆದೆ. ಸುಕ್ಕುಗಳನ್ನೂ ತೆಗೆದೆ. ಪಾತ್ರೆ ತಿಕ್ಕಿದ, ಮಗನನ್ನು ಬೆಳೆಸಿದ ಕೈಯನ್ನು ಹದಿಮೂರು ವರ್ಷಕ್ಕೆ ಇಳಿಸಲು ಒಂದು ಮಧ್ಯಾಹ್ನ ಸಾಕಾಯಿತು. ನೋಡಿ ಅವಳು, "ನಂಗೂ ಹಿಂಗ ಮಾಡಿಕೊಡ್ರಿ" ಎಂದಳು.

ಆಮೇಲೆ ಸ್ಕ್ಯಾನ್ ಮಾಡಿದ ಪಟವನ್ನು ಕಂಪ್ಯೂಟರಿನಲ್ಲೇ ತೊಳೆಯುವ ಕೆಲಸ. ಐವತ್ತು ವರ್ಷದ ಮುಂಬಯಿಯ ತೇವ ಫ್ರೇಮಿನೊಳಗೆ ಹೊಕ್ಕು ಬೂಜು ಕಟ್ಟಿತ್ತು. ಕಲೆಯ ಪಕ್ಕದ ಒಳ್ಳೆಯ ಜಾಗದಿಂದ ಸ್ವಲ್ಪ ತೆಗೆದುಕೊಂಡು ಕಲೆಯ ಮೇಲೆ ಹಚ್ಚುವುದು, ಅಷ್ಟೇ. ಅಪ್ಪನ ಕೋಟು, ಗೋಡೆ, ನನ್ನ ಬೋಳು ತಲೆ ಎಲ್ಲ ಸ್ವಚ್ಛವಾದವು. ಎಡ ಅಂಚಿನ ಕಿಟಕಿಯೇ ಹೆಚ್ಚು ಕೆಟ್ಟಿತ್ತು. ಒಂದು ಸರಳಿನ ಮೇಲೆ ನಾಲ್ಕು ಬಿಳಿ ಗುರುತು, ಒಂದರ ಕೆಳಗೊಂದು. ಅದರ ಹಿಂದಿನ ಕತ್ತಲಲ್ಲಿ ಮಸುಕಾದ ಒಂದು ಬಿಳುಪು. ಶನಿವಾರ ಕ್ಲಾಸಿನಲ್ಲಿ ಮಾಸ್ತರು ಅಲ್ಲಿ ಬೆರಳಿಟ್ಟು, "ಇದೆಂತದು?" ಎಂದು ಕೇಳಿದ್ದರು. ಬೂಜು ಎಂದೆ. "ಏನು ಅಂತ ಗ್ಯಾರಂಟಿ ಇಲ್ಲದ್ದನ್ನು ಒರಸ್ಬೇಡಿ. ಮನೆಯಲ್ಲಿ ಯಾರನ್ನಾದ್ರೂ ಒಮ್ಮೆ ಕೇಳಿ" ಎಂದರು. ಕೇಳಬೇಕಾದವಳು ಅಕ್ಕ. ಅವಳನ್ನು ಕೇಳಿದರೆ ಗುಟ್ಟು ರಟ್ಟಾಗುತ್ತಿತ್ತು. ಒರೆಸಿದೆ. ಸರಳು ಮೇಲಿನಿಂದ ಕೆಳಗಿನವರೆಗೆ ನೇರವಾಗಿ, ಕರ್ರಗೆ ಬಂತು. ಆ ಕಿಟಕಿಯ ಬಗ್ಗೆ ನನಗೆ ಒಳ್ಳೆಯ ಹೆಮ್ಮೆಯಿತ್ತು ಎಂಬುದನ್ನೂ ಹೇಳಬೇಕು.

ಉಳಿದದ್ದು ಅವ್ವನ ಕಣ್ಣು. ಮದುವೆಯ ಫೋಟೋಗಳಲ್ಲಿ ಮದುಮಗಳು ಯಾವಾಗಲೂ ಬೇರೆಲ್ಲೋ ನೋಡುತ್ತಿರುತ್ತಾಳಂತೆ. ಕಣ್ಣಿನ ಗುಡ್ಡೆಯನ್ನು ಕೂದಲೆಳೆಯಷ್ಟು ಸರಿಸಿ ಅವಳನ್ನು ಕ್ಯಾಮೆರಾ ಕಡೆ ತಿರುಗಿಸುವುದನ್ನು ಮಾಸ್ತರು ಕಲಿಸಿದ್ದರು. ನಾನು ಅವ್ವನಿಗೂ ಅದನ್ನೇ ಮಾಡಿದೆ. ಎರಡು ಗುಡ್ಡೆಗಳು ಬಲಕ್ಕೆ ಒಂದಿಷ್ಟು ಸರಿದದ್ದೇ ತಡ, ಅವ್ವ ನೆಟ್ಟಗೆ ನನ್ನನ್ನು ನೋಡಿದಳು. ನನ್ನ ಹತ್ತನೆಯ ವಯಸ್ಸಿನಲ್ಲಿ ಹೋದವಳು. ನಾನು ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದೆ. ಅಪ್ಪ ಇದ್ದಿದ್ದರೆ ಈಗಲಾದರೂ ಗೊಣಗುವುದನ್ನು ಬಿಡುತ್ತಿದ್ದರು ಎನಿಸಿ ಸಂತೋಷವೂ ಆಯಿತು.

ದೀಪಾವಳಿಯ ಭಾವಬಿದಿಗೆಗೆ ತಮ್ಮನಾದವನು ಅಕ್ಕನ ಮನೆಗೆ ಹೋಗಬೇಕು. ಅವಳು ಆರತಿ ಮಾಡುತ್ತಾಳೆ, ಅವನು ತಟ್ಟೆಯಲ್ಲಿ ಉಡುಗೊರೆ ಇಡುತ್ತಾನೆ. ಪ್ರತಿ ವರ್ಷ ಸೀರೆ ಇಡುತ್ತಿದ್ದೆ. ಈ ಸಲ ದೊಡ್ಡದಾಗಿ ಪ್ರಿಂಟು ಹಾಕಿಸಿ, ಫ್ರೇಮ್ ಕಟ್ಟಿಸಿ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡೆ. ಹಳೆಯ ಪಟವನ್ನೂ ಚೀಲದಲ್ಲಿ ಹಾಕಿಕೊಂಡೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ನನ್ನ ಕೆಲಸ ಎಷ್ಟೆಂಬುದು ಗೊತ್ತಾಗುತ್ತದೆ, ಅದಕ್ಕೆ. ಹೆಂಡತಿ ಅಂದು ತನ್ನ ತಮ್ಮಂದಿರ ಹಾದಿ ಕಾಯುತ್ತಿದ್ದಳು, ನಾನೊಬ್ಬನೇ ಹೊರಟೆ. ದಾದರಿನಲ್ಲಿ ಇಳಿದು, ಸೇತುವೆ ದಾಟಿ, ಬೊರಿವಲಿಯ ಗಾಡಿ ಹಿಡಿದೆ. ಹಬ್ಬದ ಗದ್ದಲದಲ್ಲಿ ಫ್ರೇಮನ್ನು ಎದೆಗೆ ಒತ್ತಿಕೊಂಡು ನಿಂತವನಿಗೆ ಯಾರೋ ಎದ್ದು ಜಾಗ ಕೊಟ್ಟರು. "ದೇವರ ಫೋಟೋನಾ ಅಂಕಲ್?" ಎಂದು ಹಿಂದಿಯಲ್ಲಿ ಕೇಳಿದರು. ಹೂಂ ಎಂದೆ.

ಅಕ್ಕ ಆರತಿ ಮಾಡಿದಳು, ಹಣೆಗೆ ಕುಂಕುಮ ಹಚ್ಚಿ ಬಾಯಿಗೆ ಬೇಸನ್ ಉಂಡೆ ಇಟ್ಟಳು. ನಾನು ಬೆಡ್‌ಶೀಟು ಬಿಚ್ಚಿ ಫ್ರೇಮನ್ನು ಸೋಫಾದ ಮೇಲೆ ನಿಲ್ಲಿಸಿದೆ. ಅವಳು ಸೆರಗಿನಿಂದ ಕನ್ನಡಕ ಒರೆಸಿ ಹಾಕಿಕೊಂಡು ಹತ್ತಿರ ಹೋದಳು. ಒಂದೊಂದೇ ಮುಖದ ಮೇಲೆ ಕಣ್ಣಾಡಿಸಿದಳು. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ.

"ಇದು ನಾನೇನೋ?" ಎಂದಳು.

"ನೀನ. ಅವ್ವನ ಹಿಂದ."

"ಮತ್ತ ಈ ಕೈ?"

"ಅದು ಮನ್ಯಾಗಿನಕೀದು. ಹಚ್ಚೀನಿ."

"ಚಲೋ ಮಾಡೀ" ಎಂದಳು. ಪಕ್ಕದ ಮನೆಯ ಮಗುವಿನ ಚಿತ್ರಕ್ಕೆ ಹೇಳುವ ದನಿಯಲ್ಲಿ ಹೇಳಿದಳು. ಆಮೇಲೆ ಅವಳ ಬೆರಳು ಗಾಜಿನ ಮೇಲೆ ಎಡಕ್ಕೆ ಸರಿಯಿತು, ಕಿಟಕಿಯ ಹತ್ತಿರ ನಿಂತಿತು. "ಇಲ್ಲಿ ನಾ ಇದ್ನಲ್ಲೋ ತಮ್ಮಾ. ಎಲ್ಲಿ ಹೋದೆ?"

ಅಲ್ಲಿ ಬೂಜು ಹಿಡಿದಿತ್ತು, ಒರೆಸಿದೆ ಎಂದೆ. ಅವಳು ನನ್ನ ಚೀಲದಿಂದ ಹಳೆಯ ಪಟ ಎತ್ತಿಕೊಂಡು ಬಾಲ್ಕನಿಯ ಬೆಳಕಿಗೆ ಹೋದಳು. ನಾನೂ ಹೋದೆ. ಸರಳಿನ ಮೇಲಿನ ನಾಲ್ಕು ಗುರುತುಗಳ ಮೇಲೆ ತನ್ನ ಬಲಗೈಯ ನಾಲ್ಕು ಬೆರಳನ್ನು ಒಂದೊಂದಾಗಿ ಮುಟ್ಟಿಸಿ ತೋರಿಸಿದಳು. ಹಿಂದಿನ ಮಸುಕು ಬಿಳುಪಿನಲ್ಲಿ ಒಂದು ಕಣ್ಣು, ಅರ್ಧ ಹಣೆ ಇತ್ತು. ಒಮ್ಮೆ ಹೇಳಿದ ಮೇಲೆ ಅದು ಬೂಜಾಗಿ ಕಾಣಲೇ ಇಲ್ಲ.

"ಮಾವಶಿ ಮಿಲ್ಲಿಗೆ ಹೋಗಿದ್ಲು. ಕಿಟಕಿ ಹಾಕ್ಕೋ ಅಂತ ಅಜ್ಜಿ ಹೇಳಿದ್ಲು. ನಾ ಹಾಕ್ಕೊಳ್ಳಲಿಲ್ಲ" ಎಂದಳು ಅಕ್ಕ. "ಅವ್ವ ಕುರ್ಚಿ ಮ್ಯಾಲೆ ಕೂತಾಕಿ ನನ್ನ ನೋಡಿದ್ಲು. ಅಲ್ಲೇ ನಿಲ್ಲು ಅಂತ ಕಣ್ಣಾಗ ಹೇಳಿದ್ಲು. ಫೋಟೋದಾವ 'ಬಾಯಿ, ಇಕಡೆ ಬಘಾ', ಇತ್ತ ನೋಡ್ರಿ ಅಂತ ಎರಡು ಸಲ ಅಂದ. ಅಪ್ಪನೂ ಬೈದ. ಆಕಿ ನನ್ನ ಬಿಟ್ಟು ಅತ್ತಾಗ ನೋಡ್ಲೇ ಇಲ್ಲ."

ನಾನು ಸೋಫಾದ ಮೇಲಿನ ಹೊಸ ಅವ್ವನ ಕಡೆ ನೋಡಿದೆ. ಅವಳು ಫೋಟೋದವನ ಮಾತು ಕೇಳಿ ನೆಟ್ಟಗೆ ಕೂತಿದ್ದಳು.

"ನಿಂದು ಅವ್ವನ ಜೋಡಿ ಒಂದೂ ಫೋಟೋ ಇಲ್ಲಲ್ಲ ಅಂತ ಮಾಡ್ದೆ" ಎಂದೆ.

"ಇಲ್ಲ ಅಂತ ನಿಂಗ ಯಾರು ಹೇಳಿದ್ರು?" ಎಂದಳು ಅಕ್ಕ. ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದಳು. ಯಾರೂ ಹೇಳಿರಲಿಲ್ಲ. ಇಷ್ಟು ವರ್ಷ ನನ್ನ ಮನೆಯಲ್ಲಿ ಚಹಾ ಹಿಡಿದು ಪಟದ ಮುಂದೆ ನಿಲ್ಲುತ್ತಿದ್ದವಳನ್ನು ಏನು ನೋಡುತ್ತೀ ಎಂದು ನಾನೂ ಕೇಳಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು.

ಊಟ ಮಾಡಿದೆವು. ಹೊರಡುವಾಗ ಅವಳು, "ಹಳೇದು ಇಲ್ಲೇ ಇರ್ಲಿ" ಎಂದಳು. ಅದೇ ಈ ಸಲದ ಭಾವಬಿದಿಗೆಯ ಉಡುಗೊರೆ ಎಂದೆ. ಹೊಸದನ್ನು ಮತ್ತೆ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬಂದೆ. ಈ ಸಲ ಗಾಡಿಯಲ್ಲಿ ಯಾರೂ ಏನೂ ಕೇಳಲಿಲ್ಲ.

ಸಂಜೆ ಮನೆಗೆ ಬಂದು, ಹೆಂಡತಿ ಚಹಾ ಇಡುವಷ್ಟರಲ್ಲಿ, ಕಂಪ್ಯೂಟರ್ ಹಚ್ಚಿ ಆ ಫೈಲನ್ನು ತೆರೆದೆ. ಮಾಸ್ತರ ಒಂದು ಮಾತನ್ನಾದರೂ ಕೇಳಿದ್ದೆ. ಅಡಿಯ ಫೋಟೋ ಮುಟ್ಟಿರಲಿಲ್ಲ. ಲೇಯರುಗಳ ಪಕ್ಕದ ಪುಟ್ಟ ಕಣ್ಣುಗಳನ್ನು ಒಂದೊಂದಾಗಿ ಒತ್ತುತ್ತ ಬಂದೆ. ಹೆಂಡತಿಯ ಕೈ ಹೋಯಿತು. ಎರಡು ಜಡೆಯ ಅಕ್ಕ ಹೋದಳು. ಕಿಟಕಿಯ ಸರಳಿನ ಮೇಲೆ ನಾಲ್ಕು ಬೆರಳು ಬಂದವು, ಹಿಂದೆ ಆ ಒಂದು ಕಣ್ಣು ಬಂತು. ಕೊನೆಯದನ್ನು ಒತ್ತಿದಾಗ ಅವ್ವ ನನ್ನಿಂದ ಕಣ್ಣು ತೆಗೆದು ಕಿಟಕಿಯ ಅಕ್ಕನ ಕಡೆ ನೋಡಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದರು. ನಡುವೆ ದಂಡ ಹಿಡಿದು ಕೂತಿದ್ದ ಬೋಳು ತಲೆಯ ಹುಡುಗ ಮಾತ್ರ, ಎಲ್ಲ ತನಗಾಗಿಯೇ ನಡೆಯುತ್ತಿದೆ ಎಂದುಕೊಂಡು, ಕ್ಯಾಮೆರಾ ನೋಡುತ್ತಿದ್ದ.